ಮುನಿಶಾಮಮ್ಮನ ತಲೆಯೊಳಗಿನ ಊರು

ಗುಂಡ್ಲಗಾನಪಲ್ಲಿಯ ಸೂಲಗಿತ್ತಿ ಮುನಿಶಾಮಮ್ಮನಿಗೆ ಎರಡು ಕಣ್ಣೂ ಕಾಣುವುದಿಲ್ಲ ಎಂಬ ಸಂಗತಿ ಊರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು, ಸ್ವತಃ ಮುನಿಶಾಮಮ್ಮನಿಗೆ. ಇನ್ನೊಬ್ಬರಿಗೆ ತಿಳಿಯಕೂಡದೆಂದು ಅವಳು ನಾಲ್ಕು ವರ್ಷದಿಂದ ಪಡುತ್ತಿದ್ದ ಪಾಡನ್ನು ನೋಡಿದರೆ, 'ನನಗೆ ಕಣ್ಣು ಕಾಣಲ್ಲ' ಅಂತ ಒಂದು ಸಲ ಹೇಳಿಬಿಡುವುದೇ ಸುಲಭವಾಗಿತ್ತು. ಆದರೆ ಸುಲಭದ ದಾರಿ ಹಿಡಿಯುವ ಜಾಯಮಾನ ಅವಳದಲ್ಲ.

ಮೊದಲು ದೀಪದ ಸುತ್ತ ಬಣ್ಣದ ಬಳೆ ಕಾಣಿಸಿತು. ಆಮೇಲೆ ಜನರ ಮುಖಗಳು ಮಸುಕಾದವು. ಕೊನೆಗೆ ಉಳಿದದ್ದು ಬೆಳಕು ಮತ್ತು ಕತ್ತಲು, ಅಷ್ಟೆ. ಸೂಲಗಿತ್ತಿಗೆ ಕಣ್ಣಿಲ್ಲ ಅಂದರೆ ಯಾರು ಕರೆಯುತ್ತಾರೆ? ನಿಜವಾಗಿ ನೋಡಿದರೆ ಆ ಕೆಲಸ ಮಾಡುವುದು ಕೈ, ಕಣ್ಣಲ್ಲ. ನಲವತ್ತು ವರ್ಷದಿಂದ ಬಾಗಿಲು ಹಾಕಿದ ಕತ್ತಲ ಕೋಣೆಗಳಲ್ಲೇ ಅವಳು ಅರ್ಧ ಊರನ್ನು ಹೊರಗೆಳೆದು ಬೆಳಕು ಕಾಣಿಸಿದ್ದಳು. ಆದರೆ ಇದನ್ನೆಲ್ಲ ಜನಕ್ಕೆ ಬಿಡಿಸಿ ಹೇಳುವುದು ಆಗದ ಮಾತು. ಮೂಲೆಯಲ್ಲಿ ಕೂರಿಸಿ, ಹೊತ್ತುಹೊತ್ತಿಗೆ ಮುದ್ದೆ ಹಾಕಿ, 'ಪಾಪ' ಅನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಎಡವಿ ಬಿದ್ದು ಹಲ್ಲು ಮುರಿದುಕೊಳ್ಳುವುದು ವಾಸಿ ಎಂದು ಅವಳು ತೀರ್ಮಾನ ಮಾಡಿದ್ದಳು.

ಸೋಜಿಗವೆಂದರೆ ಅವಳು ಎಡವಲೂ ಇಲ್ಲ. ಊರು ಅಂದರೆ ಒಂದೇ ಬೀದಿ. ಒಂದು ಮಗ್ಗುಲಿಗೆ ಹದಿನೈದು ಮನೆ, ಎದುರು ಮಗ್ಗುಲಿಗೆ ಹುಣಸೆಮರಗಳು. ಬೀದಿಯ ಮೂಡಲ ತುದಿಗೆ ಕೆರೆ, ಪಡುವಲ ತುದಿಗೆ ಆಂಜನೇಯನ ಗುಡಿ. ಕೆರೆಯ ಕಡೆಯಿಂದ ಮೂರನೆಯದು ಮುನಿಶಾಮಮ್ಮನ ಮನೆ. ಗುಡಿಯ ಕಡೆಯಿಂದ ಮೂರನೆಯದು ಪಟೇಲ ಅಪ್ಪಾಜಪ್ಪನ ಮನೆ. ನಟ್ಟನಡುವೆ ಅವಳ ಗೆಳತಿ ಬಚ್ಚಮ್ಮನ ಮನೆ, ಅದರ ಮುಂದೆ ದಾರಿಗೇ ಚಾಚಿಕೊಂಡ ಒಂದು ಒರಳುಕಲ್ಲು. ಬೇರೆಯವರೆಲ್ಲ ವಾರಕ್ಕೊಂದು ಸಲ ಆ ಕಲ್ಲಿಗೆ ಕಾಲು ತಾಗಿಸಿಕೊಂಡು ಬಚ್ಚಮ್ಮನ ವಂಶವನ್ನೆಲ್ಲ ಬೈಯುತ್ತಿದ್ದರು. ಮುನಿಶಾಮಮ್ಮ ಒಂದು ಸಲವೂ ತಾಗಿಸಿಕೊಂಡವಳಲ್ಲ. ಕಲ್ಲು ಎರಡು ಮಾರು ದೂರವಿರುವಾಗಲೇ ಅವಳ ಕಾಲು ತಾನಾಗಿ ಎಡಕ್ಕೆ ಸರಿಯುತ್ತಿತ್ತು.

ಹೇಗೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಹೆಜ್ಜೆ ಎಣಿಸುತ್ತಿರಲಿಲ್ಲ. ಎಣಿಸಿದ ದಿನವೇ ತಪ್ಪಿದ್ದಳು. ಎಣಿಸದೆ, ಬೆಳಗಿನ ಸೊಪ್ಪಿನ ಸಾರನ್ನೋ ಸೊಸೆಯ ತಪ್ಪನ್ನೋ ಯೋಚಿಸುತ್ತ ನಡೆದರೆ ಕಾಲು ನಿಲ್ಲಬೇಕಾದ ಕಡೆ ಬಂದು ನಿಲ್ಲುತ್ತಿತ್ತು. ಮನೆಯ ಗೋಡೆ ಇದ್ದ ಕಡೆ ಕಿವಿಯ ಹತ್ತಿರ ಗಾಳಿ ಮುಚ್ಚಿಕೊಳ್ಳುತ್ತಿತ್ತು, ಸಂದಿ ಬಂದರೆ ತೆರೆದುಕೊಳ್ಳುತ್ತಿತ್ತು. ಬೆಳಿಗ್ಗೆ ಮುಖಕ್ಕೆ ಬಿಸಿಲು ಬಡಿದರೆ ಕೆರೆಯ ಕಡೆ, ಬೆನ್ನಿಗೆ ಬಿದ್ದರೆ ಗುಡಿಯ ಕಡೆ. ಮಧ್ಯಾಹ್ನ ತಿರುಗಿದ ಮೇಲೆ ಅದೇ ಉಲ್ಟಾ. ಐವತ್ತೆಂಟು ವರ್ಷ ಓಡಾಡಿದ ಊರು ಹೊರಗಿರುವುದರ ಜೊತೆಗೆ ಅವಳ ತಲೆಯೊಳಗೂ ಒಂದು ಇತ್ತು, ಒರಳುಕಲ್ಲಿನ ಸಮೇತ.

ಇನ್ನು ಎದುರಿಗೆ ಬರುವ ಜನ. ಅವರನ್ನು ಗುರುತಿಸುವುದು ಹೇಗೆ? ಇಲ್ಲಿ ಮುನಿಶಾಮಮ್ಮನಿಗೆ ಅದೃಷ್ಟ ಕೂಡಿಬಂದಿತ್ತು. ಅವಳ ಸೊಸೆ ಅಂಜಮ್ಮ ಬಾಯಿಬಡುಕಿ.

ಮುಳಬಾಗಿಲಿನ ಆಚೆ ನಂಗಲಿ ಕಡೆಯ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಬಾಯಲ್ಲಿ ನಾಲಿಗೆ ಇದೆಯೋ ಇಲ್ಲವೋ ಅನ್ನುವ ಹಾಗಿದ್ದಳು. ಹತ್ತು ಕೇಳಿದರೆ ಒಂದಕ್ಕೆ, ಅದೂ ತೆಲುಗಿನಲ್ಲಿ, ನೆಲ ನೋಡಿಕೊಂಡು ಉತ್ತರ. ವರ್ಷ ಕಳೆಯುವಷ್ಟರಲ್ಲಿ ಅದೇನಾಯಿತೋ, ಬಾಯಿ ಬಿಟ್ಟವಳು ಮುಚ್ಚಲೇ ಇಲ್ಲ. ಜಗಲಿಯ ಮೇಲೆ ಅತ್ತೆಯ ಪಕ್ಕದಲ್ಲಿ ಕೂತು ಬೀದಿಯಲ್ಲಿ ಹೋಗುವ ನರಪಿಳ್ಳೆಯನ್ನೂ ಬಿಡದೆ ಕೂಗಿ ಹೇಳುವಳು.

"ಅಗೋ, ಬಚ್ಚಮ್ಮಕ್ಕ ಬರ್ತಾವ್ಳೆ! ಅಮ್ಮೋ, ಹೊಸ ಸೀರೆ, ಮಾವಿನ ಚಿಗುರಿನ ಬಣ್ಣ! ಸೊಂಟದಲ್ಲಿ ಬಿಂದಿಗೆ ಬೇರೆ!"

ಆಗ ಮುನಿಶಾಮಮ್ಮ ಗಂಟಲು ಸರಿಮಾಡಿಕೊಂಡು, "ಏನೇ ಬಚ್ಚಮ್ಮ, ಚಿಗುರಿನ ಬಣ್ಣ ನಿನ್ನ ಮೈಗೆ ಒಪ್ಪಲ್ಲ ಕಣೇ," ಅನ್ನುವಳು. ಬಚ್ಚಮ್ಮ ಮುಖ ಊದಿಸಿಕೊಂಡು ಹೋಗುವಳು. ಈ ವಯಸ್ಸಿನಲ್ಲೂ ಮುದುಕಿಯ ಕಣ್ಣು ಎಷ್ಟು ಚುರುಕು ಎಂದು ಊರು ಮಾತಾಡಿಕೊಳ್ಳುವುದು.

ಇಷ್ಟು ಉಪಕಾರವಾಗುತ್ತಿದ್ದರೂ ಮುನಿಶಾಮಮ್ಮನಿಗೆ ಸೊಸೆಯ ಬಾಯಿ ಅಂದರೆ ತಲೆನೋವು. "ಚಾಲ್ಲೇ, ಸಾಕು ಮಾಡೇ," ಎಂದು ದಿನಕ್ಕೆ ಹತ್ತು ಸಲ ಗದರುವಳು. "ದಾರೀಲಿ ನಾಯಿ ಮಲ್ಗಿದ್ರೂ ಹೇಳ್ಬೇಕಾ? ಬಾಗಿಲು ಮುಂದೆ ಚೊಂಬಿಟ್ರೂ ಹೇಳ್ಬೇಕಾ? ನನಗೇನು ಕಣ್ಣಿಲ್ವಾ?" ಅಂಜಮ್ಮ ನಕ್ಕು, "ಅಯ್ಯೋ ಅತ್ತೆ, ನನ್ನ ಬಾಯೇ ಹಾಗೆ," ಎಂದು ಮುಂದಿನ ಹಸುವಿನ ಬಣ್ಣ ಹೇಳಲು ಶುರುಮಾಡುವಳು. ಇಂಥ ಸೊಸೆಯನ್ನು ಕಟ್ಟಿಕೊಂಡು ಹೇಗೆ ಬಾಳುವುದು ಎಂದು ಮುನಿಶಾಮಮ್ಮ ಬಚ್ಚಮ್ಮನ ಹತ್ತಿರ ಗೋಳು ಹೇಳಿಕೊಳ್ಳದ ದಿನವಿರಲಿಲ್ಲ.

ಧಾತು ಸಂವತ್ಸರದಲ್ಲಿ, ಮದುವೆಯಾಗಿ ಐದನೆಯ ವರ್ಷಕ್ಕೆ, ಅಂಜಮ್ಮನಿಗೆ ಬಸಿರು ನಿಂತಿತು. ಮುನಿಶಾಮಮ್ಮನ ಮಗ ಕದಿರೇಶ ಸಂತೋಷಕ್ಕಿಂತ ಹೆಚ್ಚಾಗಿ ಹೆದರಿಕೊಂಡ. ಅವನು ಹಸು ಕರು ಹಾಕಿದರೂ ಬೆವರುವ ಆಸಾಮಿ. ಶ್ರೀನಿವಾಸಪುರದಲ್ಲಿ ಬಿಳಿ ಸೀರೆಯ ನರ್ಸಮ್ಮ ಬಂದಿದ್ದಾಳೆ, ಗಾಡಿ ಕಳಿಸಿದರೆ ಬರುತ್ತಾಳೆ ಎಂದು ಪಟೇಲ ಅಪ್ಪಾಜಪ್ಪ ಅವನ ಕಿವಿಯಲ್ಲಿ ಊದಿದ. ಮುನಿಶಾಮಮ್ಮ ಕೆರಳಿದಳು.

"ಈ ಪಟೇಲನ್ನ ಈಚೆಗೆಳ್ದೋಳು ನಾನು. ತಲೆ ದಪ್ಪ ಅಂತ ಆಗ್ಲೇ ಗೊತ್ತಾಗಿತ್ತು. ಊರಿನ ಮಕ್ಕಳೆಲ್ಲ ನನ್ನ ಕೈಗೆ ಬಿದ್ದವೆ, ನನ್ನ ಮೊಮ್ಮಗು ಮಾತ್ರ ಯಾವಳೋ ಕೈಗೆ ಬೀಳ್ಬೇಕಾ? ಆಗಲ್ಲ ಕಣೋ!"

ಕದಿರೇಶ ಸುಮ್ಮನಾದ. ಆದರೆ ಮುನಿಶಾಮಮ್ಮನ ಎದೆಯೊಳಗೆ ಒಂದು ಅಳುಕು ಕೂತಿತು. ಮಗು ಬರುವ ತನಕ ತನ್ನ ಗುಟ್ಟು ಬಯಲಾಗಬಾರದು. ಬಯಲಾಯಿತೋ, ನರ್ಸಮ್ಮ ಬರುತ್ತಾಳೆ, ತಾನು ಮೂಲೆ ಸೇರಬೇಕು. ಆಗಲೇ ಆರು ತಿಂಗಳು ತುಂಬಿತ್ತು, ಉಳಿದದ್ದು ಮೂರು ತಿಂಗಳು. ತಲೆಯೊಳಗೆ ಊರು ಭದ್ರವಾಗಿದೆ, ಮೂರು ತಿಂಗಳು ಯಾವ ಮಹಾ ಎಂದುಕೊಂಡಳು.

ಎರಡೂವರೆ ತಿಂಗಳು ಕಳೆಯುವ ಹೊತ್ತಿಗೆ, ಕಾರ್ತಿಕದಲ್ಲಿ, ಪಟೇಲನ ಅಟ್ಟದಿಂದ ಇಲಿ ಬಿತ್ತು. ಒಂದಲ್ಲ, ಏಳು. ಸತ್ತ ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ. ಮಾರನೆಯ ದಿನವೇ ತೋಟಿ ಗಂಗುಲಪ್ಪ ತಮಟೆ ಹೊಡೆದು ಸಾರಿದ: ನಾಳಿದ್ದಿನ ಒಳಗೆ ಎಲ್ಲರೂ ಊರು ಖಾಲಿ ಮಾಡಿ, ಕೆರೆಯ ಆಚೆ ದಡದ ಮಾವಿನ ತೋಪಿನಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಎರಡು ತಿಂಗಳು ಊರೊಳಗೆ ಯಾರೂ ಕಾಲಿಡಕೂಡದು.

ಜನರೆಲ್ಲ ಪ್ಲೇಗಿಗೆ ಹೆದರಿದರು. ಮುನಿಶಾಮಮ್ಮ ತೋಪಿಗೆ ಹೆದರಿದಳು. ಅಲ್ಲಿ ಗೋಡೆಯಿಲ್ಲ, ಸಂದಿಯಿಲ್ಲ, ಒರಳುಕಲ್ಲಿಲ್ಲ. ಆ ರಾತ್ರಿ ಕಳೆಯುವಷ್ಟರಲ್ಲಿ ಅವಳು ಒಂದು ಉಪಾಯ ಹೂಡಿದಳು. ಬೆಳಗಾಗುತ್ತಲೇ ಪಟೇಲನ ಜಗಲಿಗೆ ಹೋಗಿ ನಿಂತಳು.

"ಪಟೇಲಪ್ಪ, ಗುಡಿಸಲು ಸಾಲು ತಪ್ಪಬಾರ್ದು. ಊರಲ್ಲಿ ಯಾರ ಪಕ್ಕ ಯಾರೋ, ಅಲ್ಲೂ ಹಾಗೇ ಆಗ್ಬೇಕು. ಹಿಂದೆ ನಾನು ಚಿಕ್ಕೋಳಿದ್ದಾಗ ಪ್ಲೇಗು ಬಂದಾಗ ಅವರವರಿಗೆ ತೋಚ್ದಂಗೆ ಹಾಕ್ಕೊಂಡ್ರು. ಮಾರಮ್ಮ ಬಂದು ಮನೆ ಗುರ್ತು ಸಿಗದೆ ಎಲ್ಲಾ ಗುಡಿಸಲಿಗೂ ನುಗ್ಬಿಟ್ಳು."

ಇದರಲ್ಲಿ ಒಂದು ಅಕ್ಷರವೂ ನಿಜವಲ್ಲ. ಆದರೆ ಮಾರಮ್ಮನ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿದೆ? ಪಟೇಲ ಕೂಡಲೇ ಗಂಗುಲಪ್ಪನಿಗೆ ಹುಕುಂ ಕೊಟ್ಟ. ಗಂಗುಲಪ್ಪ ಗೂಟ ಮತ್ತು ಹಗ್ಗ ತೆಗೆದುಕೊಂಡು ಹೋಗಿ, ಕೆರೆಯ ದಡದಿಂದ ಶುರುಮಾಡಿ, ಊರಿನ ಸಾಲಿನಂತೆಯೇ ಹದಿನೈದು ಜಾಗ ಗುರುತು ಹಾಕಿದ. ಕೆರೆಯಿಂದ ಮೂರನೆಯದು ಮುನಿಶಾಮಮ್ಮ, ನಡುವೆ ಬಚ್ಚಮ್ಮ, ಆಚೆ ತುದಿಯಿಂದ ಮೂರನೆಯದು ಪಟೇಲ. ಆ ತುದಿಗೆ ಆಂಜನೇಯನಿಗೆಂದು ಒಂದು ಕಲ್ಲನ್ನೂ ನೆಟ್ಟ. ಪುಣ್ಯಾತ್ಮ ಅಷ್ಟು ಅಚ್ಚುಕಟ್ಟಾಗಿ ಯಾವ ಕೆಲಸವನ್ನೂ ಅದುವರೆಗೆ ಮಾಡಿರಲಿಲ್ಲ.

ಒಂದನ್ನು ಮಾತ್ರ ಅವನೂ ಯೋಚಿಸಲಿಲ್ಲ, ಮುನಿಶಾಮಮ್ಮನೂ ಯೋಚಿಸಲಿಲ್ಲ. ಊರಿಗೆ ಕೆರೆ ಮೂಡಲಿಗಿತ್ತು. ಆಚೆ ದಡಕ್ಕೆ ಹೋದ ಮೇಲೆ ಅದೇ ಕೆರೆ ಪಡುವಲಿಗಾಯಿತು. ಸಾಲು ಸರಿಯಾಗಿಯೇ ಇತ್ತು, ಊರು ಹಿಂದುಮುಂದಾಗಿ ತಿರುಗಿತ್ತು.

ಕಣ್ಣಿದ್ದವರ ಗತಿಯೇ ಮೊದಲ ದಿನ ಕೆಟ್ಟಿತು. ಬೆಳಿಗ್ಗೆ ಎದ್ದ ಗಂಡಸರು ಊರಿನ ಅಭ್ಯಾಸದಂತೆ, ಅರ್ಧ ನಿದ್ದೆಯಲ್ಲಿ ಚೊಂಬು ಹಿಡಿದು, ಸೂರ್ಯ ಹುಟ್ಟುವ ಕಡೆ ನಡೆದರು. ಊರಿನಲ್ಲಿ ಅದು ಗಂಡಸರ ಕಡೆ, ಕೆರೆಯ ಅಂಗಳ. ಹೆಂಗಸರು ಮಾತ್ರ ಗುಡಿಯ ಹಿಂದಿನ ಬಯಲೇ ತಮ್ಮದೆಂದು ಕಲ್ಲು ನೆಟ್ಟ ತುದಿಯ ಕಡೆ ಹೊರಟರು. ಎರಡೂ ಒಂದೇ ಕಡೆ. ಲಂಟಾನ ಪೊದೆಯ ಹಿಂದೆ ಪಟೇಲನಿಗೂ ಬಚ್ಚಮ್ಮನಿಗೂ ಮುಖಾಮುಖಿಯಾಯಿತಂತೆ. ಇಬ್ಬರೂ ಚೊಂಬು ಬಿಟ್ಟು ಓಡಿದರು. ಚೊಂಬು ಯಾರದ್ದು ಯಾವುದು ಎಂಬ ಜಗಳ ಸಂಜೆಯವರೆಗೂ ನಡೆಯಿತು. ಇನ್ನೂ ತಮಾಷೆಯೆಂದರೆ, ಬಚ್ಚಮ್ಮನ ಗುಡಿಸಲ ಮುಂದೆ ಬರುತ್ತಲೇ ಅರ್ಧ ಊರು ಒಂದು ಪಕ್ಕಕ್ಕೆ ಸರಿದು ನಡೆಯುತ್ತಿತ್ತು, ಅಲ್ಲಿಲ್ಲದ ಒರಳುಕಲ್ಲನ್ನು ತಪ್ಪಿಸಿಕೊಂಡು.

ಮುನಿಶಾಮಮ್ಮ ಮಾತ್ರ ಎರಡು ದಿನ ಅಂಜಮ್ಮನ ಪಕ್ಕ ಬಿಟ್ಟು ಕದಲಲಿಲ್ಲ. ಅಂಜಮ್ಮ ಹೊಸ ಜಾಗದಲ್ಲಿ ಮೊದಲಿನ ಎರಡರಷ್ಟು ಮಾತಾಡುತ್ತಿದ್ದಳು. "ಅಯ್ಯೋ, ಈ ಬೇರು ನೋಡಿ, ಹೊಸಲು ದಾಟಿ ನಾಲ್ಕು ಹೆಜ್ಜೆಗೇ ಹಾವಿನಂಗೆ ಬಿದ್ದೈತೆ! ಈ ಸೂರು ಎಷ್ಟು ತಗ್ಗು, ತಲೆ ಬಗ್ಗಿಸ್ದೆ ಯಾರಾದ್ರೂ ಬರೋಕಾಗುತ್ತಾ?" ಮುನಿಶಾಮಮ್ಮ ಬೈಯುತ್ತಲೇ ಬೇರು ದಾಟಿದಳು, ತಲೆ ಬಗ್ಗಿಸಿದಳು.

ಮೂರನೆಯ ದಿನ ಮಧ್ಯಾಹ್ನ ಅಂಜಮ್ಮ ಮುದ್ದೆ ಉಂಡು ಅಡ್ಡಾದವಳು ನಿದ್ದೆ ಹೋದಳು. ಬಾಯಿಗೂ ಬಿಡುವು ಸಿಕ್ಕಿತು. ಮುನಿಶಾಮಮ್ಮನಿಗೆ ಇದೇ ಸಮಯ ಅನ್ನಿಸಿತು. ಬಚ್ಚಮ್ಮನಿಂದ ತಂದ ಮೊರ ಹಿಡಿದು, ಹೊಸಲು ದಾಟಿ, ಬೇರು ದಾಟಿ, ಊರಿನಲ್ಲಿ ತಿರುಗುತ್ತಿದ್ದ ಹಾಗೆಯೇ ಬಲಕ್ಕೆ ತಿರುಗಿ, ಸೂರಿನ ಅಂಚನ್ನು ಕೈಯಲ್ಲಿ ಸವರುತ್ತ ಐದು ಗುಡಿಸಲು ಎಣಿಸಿಕೊಂಡು ಹೋದಳು. ಸರಿಯಾಗಿ ಬಚ್ಚಮ್ಮನ ಬಾಗಿಲು. ಮುನಿಶಾಮಮ್ಮನ ಮೈ ಹಗುರವಾಯಿತು. ಇಬ್ಬರೂ ಹೊರಗೆ ಮರದ ಕೆಳಗೆ ಕೂತರು. ಸೊಸೆಯ ಬಾಯಿ, ಪಟೇಲನ ಚೊಂಬು ಎಂದು ಮಾತು ಬೆಳೆಯಿತು, ನೆರಳು ಸರಿದಂತೆ ಕೂತ ಜಾಗವೂ ಸರಿಯಿತು. ಎದ್ದು ನಿಂತಾಗ ಮನೆ ಎಡಕ್ಕೋ ಬಲಕ್ಕೋ ತೋಚಲಿಲ್ಲ.

ಕೇಳುವುದು ಹೇಗೆ? ಸೂರ್ಯನನ್ನು ನಂಬಿದಳು. ಹೊತ್ತು ಇಳಿಮುಖವಾಗಿದೆ, ಬೆನ್ನಿಗೆ ಬಿಸಿಲು ಹಾಕಿಕೊಂಡು ನಡೆದರೆ ಕೆರೆಯ ಕಡೆ, ಐದು ಬಾಗಿಲಿಗೆ ತನ್ನ ಮನೆ. ಐವತ್ತೆಂಟು ವರ್ಷ ತಪ್ಪದ ಲೆಕ್ಕ ಅದು. ಬೆನ್ನಿಗೆ ಬಿಸಿಲು ಹಾಕಿಕೊಂಡು ಐದು ಬಾಗಿಲು ನಡೆದು, ತಲೆ ಬಗ್ಗಿಸಿ ಒಳಗೆ ಹೋದಳು.

ಒಳಗೆ ಮಲಗಿದ ಉಸಿರಾಟ ಕೇಳಿಸಿತು. ಇನ್ನೂ ಎದ್ದಿಲ್ಲವಲ್ಲ, ಪಾಪ, ದಿನ ತುಂಬಿದ ಹುಡುಗಿ ಎಂದುಕೊಂಡು ಮುನಿಶಾಮಮ್ಮ ಪಕ್ಕದಲ್ಲಿ ಕೂತು, ದಿನಾ ಮಾಡುವ ಹಾಗೆ, ಎರಡೂ ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು.

ಹೊಟ್ಟೆಯೇನೋ ದುಂಡಗಿತ್ತು. ಆದರೆ ಕೂದಲಿತ್ತು.

ಪಟೇಲ ಅಪ್ಪಾಜಪ್ಪ ಕಣ್ಣು ಬಿಟ್ಟ. ಊರಿನ ಸೂಲಗಿತ್ತಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಗಂಭೀರವಾಗಿ ಕೂತಿರುವುದನ್ನು ಕಂಡು ಅವನು ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡ. ಕೈ ತೆಗೆದರೆ ಕೆಟ್ಟೆ ಎಂದು ಮುನಿಶಾಮಮ್ಮನಿಗೆ ಹೊಳೆಯಿತು. ತೆಗೆಯದೆ, ಇನ್ನೆರಡು ಕಡೆ ಒತ್ತಿ ನೋಡಿದಳು.

"ಏನು ಮುನಿಶಾಮಮ್ಮ ಇದು?" ಎಂದು ಪಟೇಲ ಹೆದರಿಕೊಂಡೇ ಕೇಳಿದ.

"ಗಾಳಿ," ಅಂದಳು ಮುನಿಶಾಮಮ್ಮ. "ಎರಡು ದಿನದಿಂದ ನಿಮ್ಮ ನಡಿಗೆ ನೋಡ್ತಾನೇ ಇದ್ದೆ. ಮೊನ್ನೆ ಬೆಳಿಗ್ಗೆ ಬಯಲಿಂದ ಓಡಿ ಬಂದ್ರಂತಲ್ಲ, ಅಲ್ಲೇ ತಡೆದು ನಿಂತೈತೆ. ಓಮದ ನೀರು ಕುಡೀರಿ. ಹೇಳೋರಿಲ್ದಿದ್ರೂ ಬಂದು ನೋಡೋದು ನನ್ನ ಧರ್ಮ." ಎದ್ದು, ಬಂದ ದಾರಿಯಲ್ಲೇ ಹೊರಗೆ ಬಂದಳು. ಈ ಸಲ ಮುಖಕ್ಕೆ ಬಿಸಿಲು ಹಾಕಿಕೊಂಡು, ಹತ್ತು ಬಾಗಿಲು ಎಣಿಸಿ ಮನೆ ಸೇರುವಷ್ಟರಲ್ಲಿ ಸೀರೆಯೆಲ್ಲ ಬೆವರಿನಿಂದ ತೊಯ್ದುಹೋಗಿತ್ತು.

ಪಟೇಲ ಓಮದ ನೀರು ಕುಡಿದ. ಗಾಳಿಯೂ ಹೋಯಿತು. ಆದರೆ ಗಾಳಿ ಹೋದ ಮೇಲೆ ತಲೆ ತಿಳಿಯಾಗಿ, ಅನುಮಾನ ಒಳಗೆ ಬಂತು. ಸಂಜೆ ಕದಿರೇಶನನ್ನು ಕರೆದು, "ಏನ್ಲಾ, ನಿಮ್ಮಮ್ಮನಿಗೆ ಕಣ್ಣು ನೆಟ್ಟಗೈತೇನ್ಲಾ? ನಾಳೆ ಸೂಜಿ ಹಾಕೋಕೆ ಇನ್‌ಸ್ಪೆಕ್ಟ್ರು ಬರ್ತಾರೆ. ಅವರ ಹತ್ರ ಕಣ್ಣು ತೋರಿಸ್ಲಿ. ಕಾಣಲ್ಲ ಅಂದ್ರೆ ನಾಳೇನೇ ನರ್ಸಮ್ಮನಿಗೆ ಗಾಡಿ ಕಳಿಸ್ತೀನಿ," ಎಂದ. ಕದಿರೇಶ ತಲೆಯಾಡಿಸಿ ಬಂದು ಮನೆಯಲ್ಲಿ ಹೇಳಿದ. ಮುನಿಶಾಮಮ್ಮ ಆ ಹೊತ್ತು ಮುದ್ದೆ ಮುಟ್ಟಲಿಲ್ಲ.

ಮಾರನೆಯ ದಿನ ಪ್ಲೇಗು ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಎಲ್ಲರಿಗೂ ಸೂಜಿ ಚುಚ್ಚಿ ಆದಮೇಲೆ ಪಟೇಲ ಮುನಿಶಾಮಮ್ಮನನ್ನು ಮುಂದೆ ಕೂರಿಸಿದ. ಊರೆಲ್ಲ ಸುತ್ತ ನಿಂತಿತು. ತುಂಬು ಬಸುರಿ ಅಂಜಮ್ಮ ಜನರನ್ನು ತಳ್ಳಿಕೊಂಡು ಬಂದು ಅತ್ತೆಯ ಪಕ್ಕದಲ್ಲೇ ಕುಕ್ಕರಿಸಿದಳು.

ಇನ್‌ಸ್ಪೆಕ್ಟರು ಏನನ್ನೋ ಎತ್ತಿ ಹಿಡಿದು, "ಇದು ಏನಮ್ಮ?" ಎಂದರು.

"ಅಮ್ಮೋ ಸ್ವಾಮಿ, ಆ ಹಸಿರು ಬಾಟ್ಲಿ ದೂರ ಹಿಡೀರಿ! ಅದರ ವಾಸ್ನೆಗೆ ನನಗೆ ಹೊಟ್ಟೆ ತೊಳಸುತ್ತೆ!" ಎಂದು ಅಂಜಮ್ಮ ಮೂಗು ಮುಚ್ಚಿಕೊಂಡಳು.

"ಬಾಟ್ಲಿ," ಅಂದಳು ಮುನಿಶಾಮಮ್ಮ. "ಹಸಿರದು."

"ನೀನು ಸುಮ್ನಿರಮ್ಮ," ಎಂದು ಇನ್‌ಸ್ಪೆಕ್ಟರು ಅಂಜಮ್ಮನನ್ನು ಗದರಿ, ಈ ಸಲ ಬೆರಳು ತೋರಿಸಿದರು. "ಎಷ್ಟು ಹೇಳು."

"ಅಯ್ಯೋ ರಾಮುಡಾ, ಏನು ಸ್ವಾಮಿ, ಓದಿದೋರು ನೀವು, ಮೂರು ಬೆರಳಿಗೂ ಮಸಿ ಮೆತ್ಕೊಂಡಿದೀರಾ!"

"ಮೂರು," ಅಂದಳು ಮುನಿಶಾಮಮ್ಮ. "ಮಸಿ ತೊಳ್ಕೊಳಿ ಸ್ವಾಮಿ."

ಊರೆಲ್ಲ ಗೊಳ್ಳೆಂದು ನಕ್ಕಿತು. ಇನ್‌ಸ್ಪೆಕ್ಟರು ಬೆರಳನ್ನು ಪಂಚೆಗೆ ಒರೆಸಿಕೊಂಡು, ಇನ್ನೂ ನಾಲ್ಕು ಊರಿದೆ ಎಂದು ಸೈಕಲ್ಲು ಹತ್ತಿದರು. ಪಟೇಲ ಹೊಟ್ಟೆ ಸವರಿಕೊಂಡು ಸುಮ್ಮನಾದ. ಮುನಿಶಾಮಮ್ಮ ಮನೆಗೆ ಬಂದವಳೇ ಸೊಸೆಯ ಮೇಲೆ ಹರಿಹಾಯ್ದಳು. "ನಾಲ್ಕು ಜನರ ಮುಂದೆ ಬಾಯಿ ಮುಚ್ಕೊಂಡು ಕೂರೋಕೆ ಆಗಲ್ವೇನೇ ನಿನಗೆ?" ಒಳಗೊಳಗೆ ಮಾತ್ರ, ಈ ಬಾಯಿಚಪಲವೂ ಇವತ್ತು ಕೆಲಸಕ್ಕೆ ಬಂತಲ್ಲ, ದೇವರು ದೊಡ್ಡವನು ಎಂದುಕೊಂಡಳು. ದೇವರ ಪಾತ್ರ ಇದರಲ್ಲಿ ಕಡಿಮೆ ಎಂದು ಅವಳಿಗೆ ಆಗಲೂ ಹೊಳೆಯಲಿಲ್ಲ. ಜಾಣತನಕ್ಕೂ ಒಂದು ಕುರುಡು ಇರುತ್ತದೆ.

ಒಂದು ವಾರ ಕಳೆಯಿತು. ರಾಗಿ ಕೊಯ್ಲಿನ ಕಾಲ. ಬೆಳಕು ಹರಿಯುತ್ತಲೇ ತೋಪು ಖಾಲಿಯಾಗಿ ಎಲ್ಲರೂ ಹೊಲ ಸೇರುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಅಂಜಮ್ಮ ಗುಡಿಸಲು ಸಾರಿಸಲೆಂದು ಸಾಮಾನುಗಳನ್ನೆಲ್ಲ ಜಾಗ ಬದಲಿಸಿ ಇಟ್ಟು, ಸಗಣಿಗೆ ಕೈ ಹಾಕಿದವಳು ಹಾಗೆಯೇ ಕೂತುಬಿಟ್ಟಳು.

"ಅತ್ತೆ," ಅಂದಳು. ಅಷ್ಟೇ ಅಂದಳು.

ಆ ಒಂದು ಮಾತಿನಲ್ಲೇ ಮುನಿಶಾಮಮ್ಮನಿಗೆ ಅರ್ಥವಾಯಿತು. ಹೊರಗೆ ಬಂದು ಕೂಗಿದಳು. ತೋಪಿನಲ್ಲಿ ಉಳಿದಿದ್ದ ಒಬ್ಬನೇ ಒಬ್ಬ ದೊಡ್ಡ ಮನುಷ್ಯನೆಂದರೆ ಪಟೇಲ. ಅವನು ಪಂಚೆ ಕಟ್ಟಿಕೊಳ್ಳುತ್ತ ಓಡಿಬಂದ. "ಗಾಡಿ ಕಟ್ಟಿಸ್ಲಾ? ನರ್ಸಮ್ಮ..." ಎಂದು ತೊದಲಿದ.

"ನರ್ಸಮ್ಮ ಬರೋ ಹೊತ್ತಿಗೆ ಮಗು ನಡೀತಿರುತ್ತೆ. ಹೊರಗೆ ಒಲೆ ಹಚ್ಚಿ ನೀರು ಕಾಯಿಸ್ರೀ!" ಎಂದು ಮುನಿಶಾಮಮ್ಮ ಅಬ್ಬರಿಸಿದಳು. ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂತವನಲ್ಲದ ಪಟೇಲ ಅಪ್ಪಾಜಪ್ಪ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಊದಲು ಕೂತ.

ಒಳಗೆ ಅಂಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಹೊರಗೆ ಗಂಡಸು ಇದ್ದಾನೆ, ಕೂಗಿದರೆ ನಾಚಿಕೆ. ಗುಡಿಸಲಿನಲ್ಲಿ ಅವಳ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಮುನಿಶಾಮಮ್ಮ ತಟ್ಟಿಯ ಪಕ್ಕದ ಗೂಟಕ್ಕೆ ಕೈ ಚಾಚಿದಳು. ಹೊಕ್ಕುಳು ಕೊಯ್ಯುವ ಕುಡುಗೋಲು ಅಲ್ಲಿಯೇ ಇರುತ್ತಿತ್ತು. ಇರಲಿಲ್ಲ. ನೂಲುಂಡೆಯ ಮಡಕೆಗೆ ಕೈ ಹಾಕಿದಳು. ಮಡಕೆಯೂ ಇರಲಿಲ್ಲ. ತಿರುಗಿದಳು, ಮಜ್ಜಿಗೆಯ ಗಡಿಗೆ ಕಾಲಿಗೆ ತಾಗಿ ಉರುಳಿತು. ಎಲ್ಲಿ ನಿಂತಿದ್ದೇನೆ, ಬಾಗಿಲು ಯಾವ ಕಡೆ, ಯಾವುದೂ ತಿಳಿಯಲಿಲ್ಲ. ತಲೆಯೊಳಗಿನ ಊರು ಒಂದೇ ಏಟಿಗೆ ಆರಿಹೋಯಿತು.

ಕೇಳಬೇಕು. ಆದರೂ ಸೋಲಲೊಲ್ಲಳು. ಉಪಾಯದಿಂದ ಕೇಳಿದಳು. "ಏನೇ, ಕುಡುಗೋಲನ್ನ ಯಾಕೇ ಅಲ್ಲಿಟ್ಟಿದೀಯ? ಅದೇನು ಇಡೋ ಜಾಗಾನಾ?"

ಸೆರಗಿನೊಳಗಿನ ಉಸಿರಷ್ಟೇ ಕೇಳಿಸಿತು.

"ಅಂಜೂ, ಮಾತಾಡೇ. ದಿನವೆಲ್ಲ ವಟವಟ ಅಂತೀಯಲ್ಲ, ಈಗ ಬಾಯಿಗೇನು ಬಂತು?" ಕತ್ತಲಿಗೆ ಮುದುಕಿ ಯಾವತ್ತೂ ಹೆದರಿದವಳಲ್ಲ. ಆದರೆ ಇಷ್ಟು ಕತ್ತಲು ನಾಲ್ಕು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ.

ಅಂಜಮ್ಮ ಸೆರಗನ್ನು ಉಗಿದಳು. "ಅತ್ತೆ, ನಿಂತಲ್ಲೇ ನಿಲ್ಲಿ," ಅಂದಳು. ಅಮ್ಮೋ ಇಲ್ಲ, ಅಯ್ಯೋ ಇಲ್ಲ, ನಗುವಿಲ್ಲ. "ನಿಮ್ಮ ಬಲಗೈ ಚಾಚಿ. ಕುಕ್ಕೆ. ಅದರೊಳಗೆ ಕುಡುಗೋಲು, ಹಿಡಿ ನಿಮ್ಮ ಕಡೆಗೈತೆ. ನೂಲು ಪಕ್ಕದಲ್ಲೇ. ಈಗ ಎರಡು ಹೆಜ್ಜೆ ಮುಂದಕ್ಕೆ. ಬಗ್ಗಿ, ಗಳ ಅಡ್ಡ ಬರುತ್ತೆ. ಇಲ್ಲೇ ಇದೀನಿ."

ಮುನಿಶಾಮಮ್ಮ ಕುಕ್ಕೆಗೆ ಕೈ ಹಾಕಿದಳು. ಕುಡುಗೋಲು ಸಿಕ್ಕಿತು. ಎರಡು ಹೆಜ್ಜೆ ಮುಂದೆ ಬಂದಳು. ಬಗ್ಗಿದಳು. ಆ ಎರಡು ಹೆಜ್ಜೆಯಲ್ಲಿ ಅವಳಿಗೆ ನಾಲ್ಕು ವರ್ಷ ಒಟ್ಟಿಗೆ ನೆನಪಾಯಿತು. ದಾರಿಯಲ್ಲಿ ಮಲಗಿದ ನಾಯಿ, ಬಾಗಿಲ ಮುಂದಿನ ಚೊಂಬು, ಬಚ್ಚಮ್ಮನ ಚಿಗುರಿನ ಬಣ್ಣದ ಸೀರೆ, ಹಸಿರು ಬಾಟಲಿ, ಮೂರು ಬೆರಳು. ಬಾಯಲ್ಲಿ ನಾಲಿಗೆಯಿಲ್ಲದ ಹುಡುಗಿ ಬಾಯಿಬಡುಕಿಯಾದದ್ದು ಯಾವ ವರ್ಷ ಎಂಬುದೂ ನೆನಪಾಯಿತು. ದೀಪದ ಸುತ್ತ ಬಳೆ ಕಟ್ಟಿ, ಮುಖಗಳು ಮಸುಕಾದ ವರ್ಷವೇ ಅದು. ಊರನ್ನೆಲ್ಲ ತಲೆಯಲ್ಲಿಟ್ಟುಕೊಂಡು ತಿರುಗುತ್ತೇನೆ ಎಂದು ತಾನು ಬೀಗುತ್ತಿದ್ದಾಗ, ಪಕ್ಕದಲ್ಲಿ ಕೂತು ಒಬ್ಬಳು ದಿನಾ ಬೆಳಿಗ್ಗೆ ಆ ಊರನ್ನು ಹೊಸದಾಗಿ ಕಟ್ಟಿಕೊಡುತ್ತಿದ್ದಳು. ಬೈಸಿಕೊಂಡು ಕಟ್ಟಿಕೊಡುತ್ತಿದ್ದಳು. ಮುನಿಶಾಮಮ್ಮನಿಗೆ ನಾಚಿಕೆಯಾಯಿತು, ಅಳು ಬಂತು. ಆದರೆ ಅಳುವುದಕ್ಕೆ ಹೊತ್ತಿರಲಿಲ್ಲ.

ಮುಂದಿನದು ಕೈಯ ಕೆಲಸ. ಕೈಗೆ ಯಾರೂ ದಾರಿ ಹೇಳಬೇಕಾಗಿರಲಿಲ್ಲ. "ಈಗ ಕೂಗ್ಕೋ ಮಗಳೇ, ಆ ಪಟೇಲ ಕೇಳಿದ್ರೆ ಕೇಳ್ಲಿ," ಅಂದಳು. ಅಂಜಮ್ಮ ಕೂಗಿದಳು. ಹೊರಗೆ ಪಟೇಲನ ಕೈಯಿಂದ ಊದುಗೊಳವೆ ಬಿತ್ತು. ಹೊತ್ತು ನೆತ್ತಿಗೇರುವ ಮೊದಲೇ ಮಗು ಮುನಿಶಾಮಮ್ಮನ ಅಂಗೈಗೆ ಬಿತ್ತು, ಬೀಳುತ್ತಲೇ ಅತ್ತಿತು. ಹೆಣ್ಣು. ಅದನ್ನು ಅವಳ ಕೈಯೇ ಹೇಳಿತು. ಬೆರಳು, ಕಾಲು, ಬೆನ್ನು, ತಲೆ ಎಲ್ಲವನ್ನೂ ಕೈ ನೋಡಿತು. ಹೊಕ್ಕುಳು ಕೊಯ್ದು ಕಟ್ಟಿ, ಪಟೇಲ ಬಾಗಿಲಿಗೆ ತಂದಿಟ್ಟ ಬಿಸಿನೀರಿನಲ್ಲಿ ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ, ಮುನಿಶಾಮಮ್ಮ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕೈಗೆ ಸಿಗುವ ಎಲ್ಲವೂ ಸಿಕ್ಕಿತ್ತು. ಸಿಗದ್ದು ಇನ್ನೂ ಇತ್ತು.

"ಹೇಳೇ," ಅಂದಳು.

"ಏನ್ ಹೇಳ್ಲಿ ಅತ್ತೆ?" ಎಂದಳು ಅಂಜಮ್ಮ, ಸುಸ್ತಾಗಿ.

"ದಾರೀಲಿ ಹೋಗೋ ಹಸು ಕರೂನೆಲ್ಲ ಹೇಳ್ತಿದ್ಯಲ್ಲ. ನನ್ನ ಮೊಮ್ಮಗಳು ಹೆಂಗವ್ಳೆ ಹೇಳು." ಮುದುಕಿ ಮಗುವನ್ನು ಸೊಸೆಯ ಕಡೆಗೆ ಸರಿಸಿದಳು. "ನನಗೆ ಕಾಣಲ್ಲ ಕಣೇ."

ಅಂಜಮ್ಮ ಮೊಣಕೈ ಊರಿ ಎದ್ದು, ಮಗುವಿನ ಕಡೆ ಬಗ್ಗಿ, ಹಳೆಯ ದನಿಯಲ್ಲೇ ಶುರುಮಾಡಿದಳು. "ಅಮ್ಮೋ, ಏನು ಕೂದಲು ಅತ್ತೆ, ಕಿವಿ ಮೇಲೆಲ್ಲ ಬಿದ್ದೈತೆ! ಬಣ್ಣ ಗೋಧಿ. ಹಣೆ ಅವರಪ್ಪನ್ದು, ಈಗ್ಲೇ ಹೆದ್ರಿಕೊಂಡಂಗೈತೆ. ಎಡಗೆನ್ನೆ ಮೇಲೆ ಎಳ್ಳಿನಷ್ಟು ಮಚ್ಚೆ. ಮೂಗು ಮಾತ್ರ ನಿಮ್ದೇ, ಯಾರ ಮಾತೂ ಕೇಳದ ಮೂಗು. ಈಗ ಕಣ್ಣು ಬಿಟ್ಳು. ನಿಮ್ಮನ್ನೇ ನೋಡ್ತಾವ್ಳೆ."

ಮುನಿಶಾಮಮ್ಮ ಒಂದು ಸಲವೂ ಚಾಲ್ಲೇ ಅನ್ನಲಿಲ್ಲ. ಸಾರಿಸದೆ ಉಳಿದ ನೆಲದ ಮೇಲೆ ಕೂತು, ಅತ್ತುಕೊಂಡು, ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡಳು.

ಹೊರಗಿನಿಂದ ಪಟೇಲ ಕೆಮ್ಮಿದ. "ಏನು ಮುನಿಶಾಮಮ್ಮ, ಗಂಡೋ ಹೆಣ್ಣೋ? ಹೆಂಗೈತೆ ಮಗು?"

ಮುನಿಶಾಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಹೆಣ್ಣು ಪಟೇಲಪ್ಪ. ಗೋಧಿ ಬಣ್ಣ, ಕಿವಿ ಮುಚ್ಚೋಷ್ಟು ಕೂದಲು, ಎಡಗೆನ್ನೆ ಮೇಲೆ ಎಳ್ಳಿನಷ್ಟು ಮಚ್ಚೆ," ಅಂದಳು. "ಈಗ ತಾನೇ ನೋಡ್ದೆ."